ಮೀಟರ್ ಮೇಲೆ ಹತ್ತಿ, ಆಮೇಲೆ ಹಿಂದಕ್ಕೆ ಹೋಗಿ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಊಟಕ್ಕೆ ಕೂತಾಗ ಕೇಳಿದ: "ಸರ್, ಯಾವಾಗ ನೋಡಿದ್ರೂ ಬ್ರೂಸ್ ಲೀ ಮಣಿ, ಬ್ರೂಸ್ ಲೀ ಮಣಿ ಅಂತೀರಲ್ಲ, ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದವನು "ಮೊದಲನೇ ಆಲ್ಬಮ್ಮಿಂದ, ಇನ್ನೆಲ್ಲಿಂದ?" ಅಂದ. ಬೇಡ ಅಂದೆ. ಯಾಕೆ ಅಂತ ಹೇಳೋಕೆ ಆಗಲಿಲ್ಲ, ಎರಡು ಗಂಟೆಗೆ ಮೀಟಿಂಗ್ ಇತ್ತು. ಇಲ್ಲಿ ಹೇಳ್ತೀನಿ.

ಗೊತ್ತಿಲ್ಲದವರಿಗೆ: ಬ್ರೂಸ್ ಲೀ ಮಣಿ ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಬ್ಯಾಂಡಿನ ಗಿಟಾರ್ ವಾದಕ, ಹಾಡುವವರೂ ಅವರೇ. ಡ್ರಮ್ಸ್‌ಗೆ ರಾಜೀವ್ ರಾಜಗೋಪಾಲ್. 1996ರಲ್ಲಿ ಹುಟ್ಟಿದ ಬ್ಯಾಂಡ್. ಹೆಸರಿನಲ್ಲಿ ಒಂದು ತಮಾಷೆ ಇದೆ. ಶುರುವಿನಲ್ಲಿದ್ದ ನಾಲ್ವರಲ್ಲಿ ಮೂವರು ಮಲಯಾಳಿಗಳು, ನಾಲ್ಕನೆಯವರು ಕಾಲು ಭಾಗ ಮಲಯಾಳಿ. ಥ್ರೀ ಮಲ್, ಅದರ ಮೇಲೊಂದು ಕ್ವಾರ್ಟರ್. ಇವರು ತಮ್ಮ ಸಂಗೀತವನ್ನು 'ಬೆಂಗಳೂರು ರಾಕ್' ಅಂತಲೇ ಕರೆದುಕೊಳ್ತಾರೆ. 2000ದಿಂದ 2020ರವರೆಗೆ ಏಳು ಆಲ್ಬಮ್.

ಏಳು ಅಂದ್ರೆ ಒಂದು ವೀಕೆಂಡಿನ ಕೆಲಸ, ಇದಕ್ಕೆ ಗೈಡ್ ಬೇರೆ ಬೇಕಾ ಅಂತ ಕೇಳಬಹುದು. ಅಮೆರಿಕದಲ್ಲಿ ಬಕೆಟ್‌ಹೆಡ್ ಅಂತ ಒಬ್ಬ ಪುಣ್ಯಾತ್ಮ ಇದ್ದಾನೆ. ತಲೆ ಮೇಲೆ ಚಿಕನ್ ಅಂಗಡಿಯ ಬಕೆಟ್, ಮುಖಕ್ಕೆ ಬಿಳಿ ಮುಖವಾಡ. 2015ರ ಒಂದೇ ವರ್ಷದಲ್ಲಿ ನೂರಕ್ಕಿಂತ ಹೆಚ್ಚು ಆಲ್ಬಮ್ ಬಿಟ್ಟ. ಅವನ ವಿಷಯದಲ್ಲಿ ಕಣ್ಣು ಮುಚ್ಚಿ ಎಲ್ಲಿ ಕೈ ಹಾಕಿದ್ರೂ ನಡೆಯುತ್ತೆ. ಮಣಿ ವಿಷಯದಲ್ಲಿ ನಡೆಯಲ್ಲ. ಏಳರಲ್ಲಿ ತಪ್ಪಾದದ್ದನ್ನು ಮೊದಲು ಹಿಡಿದ್ರೆ, "ಓ, ಕಾಲೇಜ್ ಫೆಸ್ಟ್ ಬ್ಯಾಂಡು" ಅಂತ ಕಿವಿಯಿಂದ ಇಯರ್‌ಫೋನ್ ತೆಗೆದುಬಿಡ್ತೀರಿ. ನಾನೇ ಹಾಗೆ ಮಾಡಿದ್ದೆ.

ಹರಿಹರಪುರದಲ್ಲಿ ಬೆಳೆದವನಿಗೆ ರಾಕ್ ಅಂದ್ರೆ ಬೇರೆಯವರ ಸ್ವತ್ತು. ತುಂಗೆ ದಂಡೆ, ಅಡಿಕೆ ತೋಟ, ಮಳೆಗಾಲ ಮುಗಿದ ಮೇಲೆ ಬಯಲಾಟ. ನಮ್ಮ ಕಿವಿ ತಯಾರಾದದ್ದು ಚೆಂಡೆ ಮದ್ದಲೆಗೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ರೂಮ್‌ಮೇಟ್ ಎಳೆದುಕೊಂಡು ಹೋದ. ಸುತ್ತಲಿನ ಸಾವಿರಾರು ಜನಕ್ಕೆ ಎಲ್ಲ ಸಾಲೂ ಬಾಯಿಪಾಠ. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅನ್ನಲ್ಲ. ಆದ್ರೆ ನೆಂಟರ ಮದುವೆಗೆ ತಪ್ಪಿ ಬೇರೆ ಛತ್ರಕ್ಕೆ ಹೊಕ್ಕವನ ಹಾಗೆ ನಿಂತಿದ್ದೆ. ಊಟ ಚೆನ್ನಾಗಿತ್ತು, ಪರಿಚಯದವರು ಯಾರೂ ಇರಲಿಲ್ಲ.

ಮುಂದಿನ ವರ್ಷ, 2012ರಲ್ಲಿ, 'ಥ್ರೀ ವೀಲ್ಸ್ ನೈನ್ ಲೈವ್ಸ್' ಬಂತು. ಮೂರು ಡಿಸ್ಕಿನ ಆಲ್ಬಮ್. ಮೂರು ಚಕ್ರ ಅಂದ್ರೆ ನಮ್ಮ ಆಟೋನೇ. ಅದರಲ್ಲೊಂದು ಹಾಡಿನ ಹೆಸರು 'ಮೀಟರ್ ಮೇಲೆ ಒನ್ ಅಂಡ್ ಹಾಫ್'. ಹೆಸರು ನೋಡಿಯೇ ನಕ್ಕೆ. ರಾತ್ರಿ ಹತ್ತರ ಮೇಲೆ ಶಿಫ್ಟ್ ಮುಗಿಸಿ ರಸ್ತೆಗೆ ಬಂದ್ರೆ ಮೊದಲು ಕೇಳುವ ಮಾತು ಅದು. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು ಕಾನೂನಿನ ದರವೇ. ಸಂಜೆ ಆರಕ್ಕೆ ಕೇಳಿದಾಗ ಮಾತ್ರ ಜಗಳ. ಈ ಊರಿನಲ್ಲಿ ನಾನು ಕಲಿತ ಮೊದಲ ಬೆಂಗಳೂರು ವಾಕ್ಯ ಒಂದು ರಾಕ್ ಹಾಡಿನ ತಲೆಬರಹ ಆಗಿತ್ತು. ಮೆಟಾಲಿಕಾ ಕೊಡದೇ ಇದ್ದದ್ದನ್ನು ಇದು ಕೊಟ್ಟಿತು.

ಬರೀ ಹೆಸರಿಗೆ ಮರುಳಾದೆ ಅಂದ್ಕೋಬೇಡಿ. ಆ ಹೊತ್ತಿಗೆ ಬ್ಯಾಂಡಿನಲ್ಲಿ ಉಳಿದವರು ಮೂವರು: ಮಣಿ, ರಾಜೀವ್, ಬೇಸ್‌ಗೆ ಪ್ರಕಾಶ್. ಎರಡನೇ ಗಿಟಾರ್ ಇಲ್ಲ. ತಾಳ ತುಂಬುವುದು, ಬಣ್ಣ ಹಚ್ಚುವುದು, ನಡುವೆ ಸೋಲೋ ಹೊಡೆಯುವುದು, ಎಲ್ಲ ಒಂದೇ ಜೊತೆ ಕೈ. ಅದರ ಮೇಲೆ ಹಾಡಬೇಕು. ಕೈ ಒಂದು ಲಯದಲ್ಲಿ ಓಡ್ತಿದ್ರೆ ಬಾಯಿ ಇನ್ನೊಂದರಲ್ಲಿ. ನಮ್ಮ ಭಾಗವತರು ತಾಳ ಹಿಡಿದುಕೊಂಡೇ ಪದ ಹೇಳುವುದನ್ನು ನೋಡಿದವರಿಗೆ ಇದು ಎಷ್ಟು ಕಷ್ಟದ್ದು ಅಂತ ಗೊತ್ತು. ಇಲ್ಲಿ ಕಿವಿ ಇಡಬೇಕಾದ್ದು ಸೋಲೋ ಮೇಲಲ್ಲ, ಹಾಡಿನ ಸಾಲುಗಳ ಕೆಳಗೆ ಓಡುವ ಕಾರ್ಡ್‌ಗಳ ಮೇಲೆ. ಜಾಜ್‌ನಿಂದ ಬಂದ ಕಾರ್ಡ್‌ಗಳು, ಫಂಕ್‌ನ ಕತ್ತರಿಸಿದಂಥ ಹೊಡೆತ. ಊರಿಗೆ ಹೋದಾಗ ಮದ್ದಲೆ ಬಾರಿಸುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹಾಕಿ ಕೇಳಿಸಿದೆ. "ಎಂತ ಹೇಳ್ತಾನೋ ಗೊತ್ತಾಗ್ಲಿಲ್ಲ ಮಾರಾಯ, ಆದ್ರೆ ಡ್ರಮ್ಮಿನವನೂ ಇವನೂ ಒಬ್ಬರನ್ನೊಬ್ಬರು ಬಿಟ್ಟುಕೊಡೋದಿಲ್ಲ" ಅಂದ್ರು. ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೆಯಲಾರೆ.

ತಕರಾರೂ ಇದೆ. ಮೂರು ಡಿಸ್ಕ್ ಜಾಸ್ತಿಯಾಯ್ತು. ಒಂದೇ ಪಟ್ಟಿಗೆ ಕೇಳಿದ್ರೆ ಕೊನೆ ಹೊತ್ತಿಗೆ ಹಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದಿನಕ್ಕೊಂದು ಡಿಸ್ಕ್ ಸಾಕು. ಸಾಹಿತ್ಯ ಇಂಗ್ಲಿಷ್, ಪದಗಳ ಚಮತ್ಕಾರ ಬೇರೆ. ನನ್ನಂಥ ಕನ್ನಡ ಮೀಡಿಯಂನವನಿಗೆ ಅರ್ಧ ಜೋಕು ಮೂರನೇ ಸಲಕ್ಕೆ ಹೊಳೆದದ್ದು. ಬೆಂಗಳೂರು ರಾಕ್ ಅಂತ ಹೆಸರಿಟ್ಟುಕೊಂಡು ಕನ್ನಡ ಯಾಕೆ ಇಷ್ಟೇ ಇಷ್ಟು ಅನ್ನೋ ಪ್ರಶ್ನೆಯೂ ನನಗೆ ಹೋಗಿಲ್ಲ. ಆದ್ರೆ ಇವರು ಹಾಡ್ತಿರೋದು ತಾವು ಬೆಳೆದ ಬೆಂಗಳೂರನ್ನು. ಆ ಊರು ಹೀಗೇ ಮಾತಾಡೋದು: ವಾಕ್ಯ ಇಂಗ್ಲಿಷ್, ಜಗಳ ಕನ್ನಡ.

ಇದು ಹಿಡಿಸಿದ್ರೆ ಆಮೇಲೆ ಹಿಂದಕ್ಕೆ ಹೋಗಿ. 2008ರ 'ದಿಸ್ ಈಸ್ ಇಟ್', ಅಲ್ಲಿಂದ 2005ರ 'ಪ್ಲಾನ್ ಬಿ', 2002ರ 'ಜುಪಿಟರ್ ಕೆಫೆ'. 2000ದ ಮೊದಲ ಆಲ್ಬಮ್ ಕೊನೆಗಿರಲಿ. ಅದರ ಹೆಸರೇ ವೆಬ್‌ಸೈಟ್ ವಿಳಾಸ, ಡಾಟ್ ಕಾಮ್ ಸಮೇತ! ಆ ಕಾಲದ ಬೆಂಗಳೂರು ಅಂದ್ರೆ ಹಾಗೇ. ನೇರ ಅದಕ್ಕೇ ಹೋದ್ರೆ ಹುಡುಗರ ಉತ್ಸಾಹ ಮಾತ್ರ ಕೇಳಿಸುತ್ತೆ. ಇದೇ ಕೈ ಮುಂದೆ ಏನಾಗುತ್ತೆ ಅಂತ ಗೊತ್ತಿದ್ದು ಕೇಳಿದ್ರೆ ಅಲ್ಲೂ ಇಲ್ಲೂ ಮಿಂಚು ಕಾಣುತ್ತೆ. 2015ರ 'ದ ಸೀನ್' ಮತ್ತು 2020ರ 'ಎ ವರ್ಲ್ಡ್ ಗಾನ್ ಮ್ಯಾಡ್' ಯಾವಾಗ ಬೇಕಾದ್ರೂ ಕೇಳಿ.

ಟೀಮಿನ ಹುಡುಗನಿಗೆ ಆ ಆಟೋ ಹಾಡಿನ ಲಿಂಕ್ ಕಳಿಸಿದ್ದೆ. ರಾತ್ರಿ ಹತ್ತೂಕಾಲಿಗೆ ಅವನ ಮೆಸೇಜ್ ಬಂತು: "ಸರ್, ಆಟೋದಲ್ಲೇ ಕೇಳ್ತಾ ಇದ್ದೀನಿ. ಡಬಲ್ ಕೇಳಿದ."