ನಾಗಪ್ಪ ಹೆಡೆ ಎತ್ತಿದಾಗ

ಗೋವಿನಜೋಳದ ತೆನೆ ಮುರಿದು ಕಣದಲ್ಲಿ ರಾಶಿ ಹಾಕುವ ಹೊತ್ತು ಮೇಡ್ಲೇರಿ ಸುತ್ತಮುತ್ತ ಹಾವು ನೋಡುವವರಿಗೂ ಸುಗ್ಗಿಯೇ. ರಾಶಿಗೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ನಾಗರಹಾವು ಬರುತ್ತದೆ. "ಬಣವಿ ಬುಡಕ ನಾಗಪ್ಪ ಅದಾನ್ರಿ" ಎಂದು ರೈತರು ಹೇಳುವಾಗ ದನಿಯಲ್ಲಿ ಅಂಜಿಕೆಯಷ್ಟೇ ಮರ್ಯಾದೆಯೂ ಇರುತ್ತದೆ. ನಮ್ಮ ಬಯಲುಸೀಮೆಯ ಹಾವುಗಳಲ್ಲಿ ಎಷ್ಟು ನೋಡಿದರೂ ನನಗೆ ಸಾಲದ ಹಾವು ಇದೊಂದೇ. ಆ ಹೆಡೆಯೇ ಅದಕ್ಕೆ ಕಾರಣ.

ಹೆಡೆ ಬಿಚ್ಚುವುದನ್ನು ದೂರ ನಿಂತು, ಸಾವಕಾಶವಾಗಿ ನೋಡಬೇಕು. ಕುತ್ತಿಗೆಯ ನೀಳ ಪಕ್ಕೆಲುಬುಗಳು ಸುಮ್ಮನಿರುವಾಗ ಬೆನ್ನಿಗೆ ಒರಗಿರುತ್ತವೆ. ಹಾವು ಗಾಬರಿಯಾದೊಡನೆ ಛತ್ರಿಯ ಕಡ್ಡಿಗಳಂತೆ ಎರಡೂ ಮಗ್ಗುಲಿಗೆ ಹರಡಿಕೊಳ್ಳುತ್ತವೆ. ಸಡಿಲವಾಗಿದ್ದ ತೊಗಲು ಬಿಗಿಯುತ್ತದೆ, ಒತ್ತಾಗಿದ್ದ ಹುರುಪೆಗಳು ಬಿಡಿಬಿಡಿಯಾಗಿ ನಡುವಿನ ಚರ್ಮ ಇಣುಕುತ್ತದೆ. ಬೆನ್ನ ಕಡೆ ಕನ್ನಡಕದ ಗುರುತು ಎದ್ದು ಬರುತ್ತದೆ. ಕೆಲವು ಹಾವುಗಳಲ್ಲಿ ಅದು ಮಾಸಲು, ಕೆಲವದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಗುರುತಿಲ್ಲ ಎಂದು ಹತ್ತಿರ ಹೋಗುವುದು ಜೀವಕ್ಕೆ ಎರವು.

ಇಷ್ಟೆಲ್ಲ ಸಿದ್ಧತೆ ನಮ್ಮನ್ನು ದೂರ ಇಡುವುದಕ್ಕೆ. ಮೈಯ ಮೂರನೇ ಒಂದು ಪಾಲಿನಷ್ಟು ಎತ್ತಿ, ಬುಸುಗುಟ್ಟಿ, ಕೆಲವೊಮ್ಮೆ ಬಾಯಿ ಮುಚ್ಚಿಕೊಂಡೇ ಮುಂದಕ್ಕೆ ಚಿಮ್ಮಿ ಬೆದರಿಸುತ್ತದೆ. ವಿಷ ಅದಕ್ಕೆ ಬೇಟೆಯ ಬಂಡವಾಳ, ಸುಮ್ಮನೆ ಕಳೆಯುವಂಥದ್ದಲ್ಲ. ನಾವು ನಿಧಾನವಾಗಿ ಹಿಂದೆ ಸರಿದರೆ ಹೆಡೆ ಇಳಿಯುತ್ತದೆ, ಹಾವು ಸಂದಿ ಹುಡುಕಿಕೊಂಡು ಹೊರಟುಬಿಡುತ್ತದೆ. ಕೋಲು ಹಿಡಿದು ಸುತ್ತ ನೆರೆಯುವ ಜನ ಈ ಅವಕಾಶವನ್ನೇ ಅದಕ್ಕೆ ಕೊಡುವುದಿಲ್ಲ. ಅದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ.

ಪೊರೆ ಬಿಡುವ ಮುಂಚಿನ ದಿನಗಳಲ್ಲಿ ಮಾತ್ರ ಇನ್ನಷ್ಟು ದೂರ ಇರಬೇಕು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪದರವೂ ಪೊರೆಯ ಜೊತೆಗೇ ಕಳಚುತ್ತದೆ. ಅದಕ್ಕೆ ಮೊದಲು ಕಣ್ಣು ಹಾಲುಗಟ್ಟಿದಂತೆ ಮಂಜಾಗುವುದರಿಂದ ಸರಿಯಾಗಿ ಕಾಣದೆ ಬೇಗ ಬೆದರುತ್ತದೆ. ಹೊಲದ ಬದುವಿನಲ್ಲಿ ಪೊರೆ ಸಿಕ್ಕರೆ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಆ ಎರಡು ಪುಟ್ಟ ಗಾಜುಗಳು ಹಾಗೇ ಇರುತ್ತವೆ.

ಕ್ಯಾರಿ ಹಾವಿನ ಜೊತೆ ನಾಗರ ಕೂಡುತ್ತದೆ ಎಂಬ ಮಾತು ಇಲ್ಲೂ ಇದೆ. ಹೆಣೆದುಕೊಂಡು ಎದ್ದು ನಿಲ್ಲುವ ಆ ಜೋಡಿ ಸಾಮಾನ್ಯವಾಗಿ ಬಲ ಪರೀಕ್ಷೆಗಿಳಿದ ಎರಡು ಗಂಡು ಕ್ಯಾರಿ ಹಾವುಗಳು. ಪಂಚಮಿಯಲ್ಲಿ ಹಾಲೆರೆಯುವ ಹುತ್ತ ಕಟ್ಟಿದ್ದು ಗೆದ್ದಲು. ಹಾಲು ಹಾವಿನ ಆಹಾರವೂ ಅಲ್ಲ. ಆದರೆ ಆ ಹಬ್ಬದ ಭಕ್ತಿ ನನಗೆ ದೊಡ್ಡದು. ಅದರಿಂದ ಉಳಿದ ಹಾವುಗಳು ಎಷ್ಟೋ.

ಹೆಣ್ಣು ನಾಗರ ಇಲಿಬಿಲದಲ್ಲೋ ಹುತ್ತದಲ್ಲೋ ಹತ್ತರಿಂದ ಮೂವತ್ತು ಮೊಟ್ಟೆ ಇಟ್ಟು ಕಾಯುತ್ತದೆ. ಸುಮಾರು ಎರಡು ತಿಂಗಳಿಗೆ ಹೊರಬರುವ ಗೇಣುದ್ದದ ಮರಿಗೂ ಹೆಡೆಯುಂಟು, ವಿಷವುಂಟು.

ಹೆಡೆ ಎತ್ತಲು ಪುರುಸೊತ್ತೇ ಸಿಗದ ಕಡೆ ಕಡಿತಗಳಾಗುತ್ತವೆ: ರಾಶಿಯೊಳಗೆ ತೂರಿದ ಬರಿಗೈ, ಕತ್ತಲಲ್ಲಿ ಬರಿಗಾಲು. ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ತಡೆಯುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರು. ಕಡಿದ ಜಾಗವನ್ನು ಕೊಯ್ಯಬಾರದು, ಬಿಗಿದು ಕಟ್ಟಬಾರದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು. ಕೈಕಾಲು ಅಲುಗದಂತೆ ನೋಡಿಕೊಂಡು ನೇರ ರಾಣೇಬೆನ್ನೂರಿನ ಆಸ್ಪತ್ರೆಗೆ ಹೊರಡಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿತು. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಯಾವ ಹಾವೆಂದು ತೋರಿಸಲು ಅದನ್ನು ಹೊಡೆದು ಒಯ್ಯಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ.