ಮನೆ ತುಂಬ ಮಕ್ಕಳು, ದಾರಕ್ಕೆ ಕಟ್ಟಿದ ಸೇಬು

ಹ್ಯಾಲೋವೀನ್ ಅಂದರೆ ಬೀದಿಯ ಹಬ್ಬ, ಮಿಠಾಯಿ ಕಂಪನಿಗಳ ಹಬ್ಬ ಎಂದುಕೊಂಡವರು ಡೇನಿಯಲ್ ಮಕ್ಲೀಸ್ ಬರೆದ ‘ಸ್ನ್ಯಾಪ್-ಆ್ಯಪಲ್ ನೈಟ್’ ಚಿತ್ರವನ್ನೊಮ್ಮೆ ನೋಡಬೇಕು. ಕಾರ್ಕ್‌ನಲ್ಲಿ ಹುಟ್ಟಿದ ಈ ಕಲಾವಿದ 1832ರಲ್ಲಿ ಹತ್ತಿರದ ಬ್ಲಾರ್ನಿ ಊರಿನ ಪಾದ್ರಿಯೊಬ್ಬರು ಕರೆದ ಹ್ಯಾಲೋವೀನ್ ಕೂಟಕ್ಕೆ ಹೋಗಿದ್ದ. ಅಲ್ಲಿ ಕಂಡದ್ದನ್ನು ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕಿಟ್ಟ. ಒಂದೇ ಸೂರಿನಡಿ ಮುದುಕರು, ಹರೆಯದವರು, ಮಕ್ಕಳು. ವಾದ್ಯ, ಕುಣಿತ, ಸೇಬಿನ ಆಟ, ಭವಿಷ್ಯ ನೋಡುವ ಗುಂಪು. ಹಬ್ಬ ಪೂರ್ತಿ ಒಳಗೇ ನಡೆದಿದೆ.

ಐರ್ಲೆಂಡಿನಲ್ಲಿ ಸಂಸಾರ ಹೂಡಿದ ನಮಗೆ ಐವರು ಮಕ್ಕಳು. ದೊಡ್ಡವಳಿಗೆ ಹನ್ನೆರಡು, ಕೊನೆಯವನಿಗೆ ಇನ್ನೂ ಎರಡು ತುಂಬಿಲ್ಲ. ಆ ರಾತ್ರಿ ತಂಗಿಯ ಮಕ್ಕಳೂ ಬಂದು ಸೇರುತ್ತಾರೆ. ಇಷ್ಟು ಮಕ್ಕಳಿರುವ ಮನೆಗೆ ಇದರಷ್ಟು ಒಪ್ಪುವ ಹಬ್ಬ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಇದರ ಹಳೆಯ ಆಟಗಳೆಲ್ಲ ಗುಂಪಿಗಾಗಿಯೇ ಹುಟ್ಟಿದವು. ಒಂಟಿ ಮಗುವಿಗೆ ಇವನ್ನು ಆಡಿಸಲು ನೆರೆಹೊರೆಯವರನ್ನು ಕರೆತರಬೇಕು. ನಮ್ಮಂಥ ಮನೆಯಲ್ಲಿ ಸಾಲು ತಾನಾಗಿಯೇ ನಿಲ್ಲುತ್ತದೆ.

ಕಾಲವೂ ನಮ್ಮ ಪಕ್ಷದಲ್ಲಿದೆ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ 31ರಂದು ಡಬ್ಲಿನ್ನಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತದೆ. ಏಳಕ್ಕೆ ಮಲಗುವ ಕೂಸಿಗೂ ಎರಡು ಗಂಟೆ ಕತ್ತಲು ಸಿಗುತ್ತದೆ. ಕೊನೆಯ ಸೋಮವಾರ 1977ರಿಂದ ಸಾರ್ವಜನಿಕ ರಜೆ, ಅದರ ಆಸುಪಾಸಿನಲ್ಲೇ ಶಾಲೆಗಳಿಗೂ ವಾರದ ರಜೆ. ಚಿಕ್ಕವರಿಗೆ ಕತ್ತಲೆಯ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ರಾತ್ರಿ ಬೇಕೆ? ಅಕ್ಕ ಕೈ ಹಿಡಿದಿರುವಾಗ, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುವಾಗ ಆಗುವ ಭಯವೇ ಬೇರೆ.

ಆಟ ಕಲಿಯಬೇಕೆಂದರೆ ನಾನು ಮೊದಲು ಹುಡುಕುವುದು ಐರಿಷ್ ಜಾನಪದ ಆಯೋಗದ ಶಾಲಾ ಸಂಗ್ರಹವನ್ನು. 1937ರಿಂದ 1939ರವರೆಗೆ ಸುಮಾರು ಐದು ಸಾವಿರ ಶಾಲೆಗಳ ಮಕ್ಕಳು ತಮ್ಮ ಅಜ್ಜ-ಅಜ್ಜಿಯರನ್ನೂ ಅಕ್ಕಪಕ್ಕದವರನ್ನೂ ಕೇಳಿ ನೋಟುಬುಕ್ಕಿಗೆ ಇಳಿಸಿದ್ದು ಅದು. ಹ್ಯಾಲೋವೀನ್ ಆಟಗಳು ಅದರಲ್ಲಿ ಹೇರಳವಾಗಿವೆ. ಮಕ್ಕಳೇ ಬರೆದದ್ದಾದ್ದರಿಂದ ಮಕ್ಕಳಿಗೆ ಯಾವುದು ಮುಖ್ಯವೋ ಅದೇ ಅಲ್ಲಿ ಮುಖ್ಯ. ನಮ್ಮ ದೊಡ್ಡವಳು ಒಂದೊಂದು ಪುಟ ಓದುತ್ತಾಳೆ, ಉಳಿದವರು ‘ಇದನ್ನು ಆಡೋಣ, ಅದು ಬೇಡ’ ಎಂದು ತೀರ್ಪು ಕೊಡುತ್ತಾರೆ.

ಎಲ್ಲಕ್ಕಿಂತ ಮೇಲಿನ ಆಟ ತೂಗುವ ಸೇಬು. ಕೈ ಬೆನ್ನಿಗೆ ಕಟ್ಟಿಕೊಂಡು ಬರಿ ಬಾಯಿಂದ ಕಚ್ಚಬೇಕು. ಹಿಂದೆ ಎರಡು ಕೋಲುಗಳನ್ನು ಅಡ್ಡಡ್ಡ ಕಟ್ಟಿ, ಎರಡು ತುದಿಗೆ ಸೇಬು, ಇನ್ನೆರಡು ತುದಿಗೆ ಉರಿಯುವ ಮೇಣದಬತ್ತಿ ಸಿಕ್ಕಿಸಿ ಗರಗರ ತಿರುಗಿಸುತ್ತಿದ್ದರಂತೆ. ಮೇಣದಬತ್ತಿಯನ್ನು ಬಿಟ್ಟುಬಿಡಿ, ದಾರ ಸಾಕು. ಆದರೆ ಆ ದಾರದಲ್ಲಿ ಕುಶಲತೆಯಿದೆ. ತೊಟ್ಟಿಗೆ ಗಂಟು ಹಾಕಿದರೆ ಎರಡನೆಯ ಕಡಿತಕ್ಕೇ ಹಣ್ಣು ನೆಲಕ್ಕೆ. ದಬ್ಬಳದಿಂದ ನಡುವೆ ಚುಚ್ಚಿ ದಾರ ಪೋಣಿಸಿ, ಕೆಳಗೆ ಒಂದು ದೊಡ್ಡ ಗುಂಡಿ ಕಟ್ಟಬೇಕು. ಕೊನೆಯ ಚೂರಿನವರೆಗೂ ಜಾರುವುದಿಲ್ಲ. ಹಣ್ಣು ಚಿಕ್ಕದಿರಲಿ, ಗಟ್ಟಿಯಿರಲಿ. ಆರ್ಮಾ ಕಡೆಯ ಬ್ರ್ಯಾಮ್ಲಿ ಸೇಬು ಬಾಯಿಗೆ ದೊಡ್ಡದು, ನಾಲಿಗೆಗೆ ಹುಳಿ, ಅದರ ಜಾಗ ಟಾರ್ಟ್‌ನಲ್ಲಿ. ಬಾಗಿಲ ಚೌಕಟ್ಟಿಗೆ ಅಡ್ಡ ಹಗ್ಗ ಬಿಗಿದು ಪ್ರತಿ ಮಗುವಿನ ಬಾಯಿಯ ಎತ್ತರಕ್ಕೆ ಒಂದೊಂದು ಸೇಬು ಇಳಿಬಿಡುತ್ತೇವೆ. ಯಾರ ಸೇಬು ಕಳೆದ ವರ್ಷಕ್ಕಿಂತ ಎಷ್ಟು ಮೇಲೇರಿತು ಎಂದು ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯುವುದೂ ಈಗ ಹಬ್ಬದ ಭಾಗ. ಕೂಸಿಗೆ ಮಾತ್ರ ಬೇಯಿಸಿ ತೆಳ್ಳಗೆ ಹೆಚ್ಚಿದ ಹೋಳು. ಹಸಿ ಸೇಬಿನ ಚೂರು ಆ ವಯಸ್ಸಿನ ಗಂಟಲಿಗೆ ಆಗದು.

ನೀರಿನಲ್ಲಿ ತೇಲುವ ಸೇಬನ್ನು ಕಚ್ಚಿ ಎತ್ತುವುದಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೋಗುಣಿ ಕೊಡಿ. ಆಟ ಮುಗಿದ ಕ್ಷಣವೇ ನೀರು ಚೆಲ್ಲಿ. ತೆವಳುವ ಮಗುವಿರುವ ಮನೆಯಲ್ಲಿ ಎರಡು ಅಂಗುಲ ನೀರೂ ಅಪಾಯವೇ.

ಇನ್ನು ಬಾರ್ಮ್‌ಬ್ರ್ಯಾಕ್. ಒಣಹಣ್ಣಿನ ಈ ರೊಟ್ಟಿಯೊಳಗೆ ಉಂಗುರ ಅಡಗಿಸಿಡುವುದು ಪದ್ಧತಿ, ಇಲ್ಲಿನ ಬೇಕರಿಗಳು ಇಂದಿಗೂ ಅದನ್ನು ಬಿಟ್ಟಿಲ್ಲ. ಹಳೆಯದು ಯೀಸ್ಟ್ ಹಾಕಿ ಉಬ್ಬಿಸಿದ್ದು. ಮನೆಯಲ್ಲಿ ಸುಲಭವಾಗಿ ಒಲಿಯುವುದು ಚಹಾದ ಬ್ರ್ಯಾಕ್. 375 ಗ್ರಾಂ ಒಣದ್ರಾಕ್ಷಿಯನ್ನು 300 ಮಿಲಿಲೀಟರ್ ಕಡಕ್ ಕರಿಚಹಾದಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ 225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು, 125 ಗ್ರಾಂ ಕಂದು ಸಕ್ಕರೆ, ಒಂದು ಮೊಟ್ಟೆ, ಚಿಟಿಕೆ ಚಕ್ಕೆ-ಜಾಯಿಕಾಯಿ ಪುಡಿ ಬೆರೆಸಿ 170 ಡಿಗ್ರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯಿಸಬೇಕು. ಬೆಣ್ಣೆ ಒಳಗೆ ಹಾಕುವುದಿಲ್ಲ, ತಿನ್ನುವಾಗ ಮೇಲೆ ದಪ್ಪಗೆ ಹಚ್ಚುತ್ತೇವೆ. ನೆನೆದ ದ್ರಾಕ್ಷಿಯನ್ನು ಕದಿಯುವ ಹಕ್ಕು ಮೂರನೆಯವನದು. ಅವನಿಗೆಂದೇ ಒಂದು ಹಿಡಿ ಹೆಚ್ಚು ಹಾಕಿರುತ್ತೇನೆ.

ಹಿಂದಿನವರು ಉಂಗುರದ ಜೊತೆ ನಾಣ್ಯ, ಬಟಾಣಿ, ಬಟ್ಟೆಚೂರು, ಕಡ್ಡಿಯನ್ನೂ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯಕ್ಕೆ ಸಿರಿ, ಬಟಾಣಿ ಸಿಕ್ಕರೆ ಆ ವರ್ಷ ಮದುವೆಯಿಲ್ಲ, ಬಟ್ಟೆಗೆ ಬಡತನ, ಕಡ್ಡಿಗೆ ಜಗಳದ ಸಂಸಾರ. ಏಳು ವರ್ಷದ ಮಗುವಿನ ತಟ್ಟೆಗೆ ಬಡತನವನ್ನು ಬಡಿಸಲು ನನಗೆ ಮನಸ್ಸಿಲ್ಲ. ಉಂಗುರ, ನಾಣ್ಯ ಇರಲಿ, ಎರಡನ್ನೂ ಬೆಣ್ಣೆಕಾಗದದಲ್ಲಿ ದೊಡ್ಡದಾಗಿ ಸುತ್ತಿಡಿ. ಕೂಸಿನ ಹೋಳನ್ನು ಮೊದಲೇ ಕೊಯ್ದು, ಪುಡಿ ಮಾಡಿ ನೋಡಿಯೇ ಕೊಡಿ. ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ (1914) ಸಂಕಲನದ ‘ಕ್ಲೇ’ ಕತೆ ನಡೆಯುವುದು ಈ ರಾತ್ರಿಯೇ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಮರಿಯಾಳ ಕೈ ತಟ್ಟೆಯಲ್ಲಿಟ್ಟ ಮಣ್ಣಿನ ಮೇಲೆ ಬೀಳುತ್ತದೆ. ಮಣ್ಣೆಂದರೆ ಸಾವಿನ ಸೂಚನೆ. ದೊಡ್ಡ ಕತೆ ಅದು. ಆದರೆ ಆ ತಟ್ಟೆಯನ್ನು ಮಕ್ಕಳ ಮೇಜಿಗೆ ತರಬಾರದು.

ಊಟಕ್ಕೆ ಕೋಲ್‌ಕ್ಯಾನನ್. ಬೇಯಿಸಿ ಮಸೆದ ಆಲೂಗೆಡ್ಡೆಗೆ ಕೇಲ್ ಸೊಪ್ಪು, ಎಳೆ ಈರುಳ್ಳಿ, ಬಿಸಿ ಹಾಲು; ನಡುವೆ ಗುಳಿ ತೋಡಿ ಬೆಣ್ಣೆ. ಸೊಪ್ಪು ಮುಟ್ಟದ ಮಕ್ಕಳೂ ಇದನ್ನು ತಿನ್ನುತ್ತಾರೆ.

ಲಾಟೀನಿನ ವಿಷಯದಲ್ಲಿ ನಾನು ಹಟವಾದಿ: ಕುಂಬಳದ ಜೊತೆಗೆ ಒಂದಾದರೂ ಟರ್ನಿಪ್ ಇರಲೇಬೇಕು. ಐರ್ಲೆಂಡಿನವರು ಅಮೆರಿಕಕ್ಕೆ ಹೋಗಿ ಕುಂಬಳಕಾಯಿ ಕಾಣುವ ಮೊದಲು ಮುಖ ಕೊರೆಯುತ್ತಿದ್ದುದು ಈ ಗೆಡ್ಡೆಯಲ್ಲೇ. ಮೇಯೋ ಕೌಂಟಿಯ ಟರ್ಲೋ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗ್ರಾಮೀಣ ವಿಭಾಗದಲ್ಲಿ ಡೊನೆಗಾಲಿನ ಫಿನ್‌ಟೌನಿನ ಅಂಥದೊಂದು ಮುಖದ ಅಚ್ಚು ಇದೆ. ಬಾಡಿದ ಗೆಡ್ಡೆಯ ಸುಕ್ಕು, ಮುರಿದ ಹಲ್ಲುಗಳು: ಯಾವ ಕುಂಬಳವೂ ಅಷ್ಟು ಹೆದರಿಸಲಾರದು. ಕಲ್ಲಿನಂಥ ಗೆಡ್ಡೆ, ಕೊರೆಯುವುದು ಅಪ್ಪನ ಕೆಲಸ. ಕುಂಬಳ ಮಾತ್ರ ಎಲ್ಲರದು. ಚಿಕ್ಕವರು ಸ್ಕೆಚ್ ಪೆನ್ನಿನಿಂದ ಮುಖ ಬರೆಯಲಿ, ನಡುವಿನವರು ತಿರುಳು ಬಗೆಯಲಿ, ದೊಡ್ಡವಳು ಪುಟ್ಟ ಗರಗಸ ಹಿಡಿಯಲಿ. ಮುಚ್ಚಳವನ್ನು ಮೇಲಲ್ಲ, ಅಡಿಯಲ್ಲಿ ಕೊಯ್ಯಿರಿ. ಕಾಯಿ ಬೇಗ ಕುಸಿಯುವುದಿಲ್ಲ. ಇಲ್ಲಿನ ತೇವಕ್ಕೆ ಕೊಯ್ದ ಕುಂಬಳ ನಾಲ್ಕೈದು ದಿನದ ಮೇಲೆ ನಿಲ್ಲದು, ಆದ್ದರಿಂದ 29ಕ್ಕೆ ಮುಂಚೆ ಚಾಕು ಹಾಕಬೇಡಿ. ಒಳಗೆ ಬ್ಯಾಟರಿ ದೀಪ ಸಾಕು. ಯುರೋಪಿನಲ್ಲಿ ಮಕ್ಕಳ ವೇಷದ ಬಟ್ಟೆಗೆ ಆಟಿಕೆಯ ನಿಯಮ ಅನ್ವಯಿಸುತ್ತದೆ, ಉಡುಪಿನದ್ದಲ್ಲ. ಆ ತೆಳು ನೈಲಾನಿನ ಹತ್ತಿರ ಬೆಂಕಿ ಬೇಡವೇ ಬೇಡ. ನಮ್ಮಲ್ಲಿ ವೇಷ ಅಂದರೆ ಹಳೆಯ ಬೆಡ್‌ಶೀಟು, ಅಪ್ಪನ ಕೋಟು, ಮುಖಕ್ಕೆ ಬಣ್ಣ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿತ್ತು. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಸೇಬಿನ ಆಟ. ಹಿಂದಿನ ಐರಿಷ್ ಮನೆಗಳಲ್ಲಿ ಈ ದಿನಗಳ ರಾತ್ರಿ ಸತ್ತವರು ಬಂದಾರೆಂದು ಒಲೆಯ ಬಳಿ ಜಾಗ ಬಿಟ್ಟು, ತಿನ್ನಲು ಏನಾದರೂ ಇಡುತ್ತಿದ್ದರು. ಮಹಾಲಯಕ್ಕೆ ಎಡೆ ಇಡುವ ಮನೆಯಿಂದ ಬಂದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಾವೂ ಅಜ್ಜ-ಅಜ್ಜಿಯರ ಹೆಸರು ಹೇಳಿ ಒಂದು ತಟ್ಟೆ ಎತ್ತಿಡುತ್ತೇವೆ.

ಬೀದಿ ಸುತ್ತುವುದಕ್ಕೆ ಅರ್ಧ ಗಂಟೆ, ನಮ್ಮ ಸಾಲಿನ ಮನೆಗಳಿಗೆ ಮಾತ್ರ. ಹಿಂದೆ ಡಬ್ಲಿನ್ನಿನ ಮಕ್ಕಳು ಮನೆಮನೆಗೆ ಹೋದಾಗ ಸಿಗುತ್ತಿದ್ದುದು ಸೇಬು, ಕಿತ್ತಳೆ, ಸಿಪ್ಪೆ ಸಮೇತ ಕಡಲೆಕಾಯಿ. ಬಸವನಗುಡಿಯ ಪರಿಷೆಯಲ್ಲಿ ಜೇಬು ತುಂಬಿಕೊಂಡವರಿಗೆ ಇದರ ರುಚಿ ಹೇಳಬೇಕಿಲ್ಲ. ಈಗಲೂ ಅಕ್ಟೋಬರಿನಲ್ಲಿ ಅಂಗಡಿಗಳಲ್ಲಿ ಅದರ ಚೀಲಗಳು ಬರುತ್ತವೆ. ಬಂದ ಮಕ್ಕಳಿಗೆ ಕೊಡುವ ಮುನ್ನ ಅಲರ್ಜಿ ಇದೆಯೇ ಎಂದು ಅವರ ಅಪ್ಪ-ಅಮ್ಮಂದಿರನ್ನು ಕೇಳುತ್ತೇನೆ. ಕಿತ್ತಳೆಯ ಬುಟ್ಟಿ ಪಕ್ಕದಲ್ಲೇ ಇರುತ್ತದೆ.

ಬ್ರ್ಯಾಕ್ ಎರಡು ಮಾಡಿ. ಎರಡನೆಯದಕ್ಕೆ ಉಂಗುರ ಬೇಡ. ನವೆಂಬರ್ ಒಂದರ ಬೆಳಗ್ಗೆ ಹೋಳುಗಳನ್ನು ಕಾವಲಿಯ ಮೇಲೆ ಕೆಂಪಗೆ ಸುಟ್ಟು, ಬೆಣ್ಣೆ ಸವರಿ ಕೊಟ್ಟರೆ ಮೊದಲ ದಿನಕ್ಕಿಂತ ರುಚಿ.