ಕೂವೆಮರವಿಲ್ಲದ ಹಡಗಿನ ಪರವಾಗಿ

ಬ್ರಿಟನ್ನಿನ ಹಾಯಿಹಡಗು ಎಂದೊಡನೆ ಕಟ್ಟಿ ಸಾರ್ಕ್ ಹೆಸರೇ ಬಾಯಿಗೆ ಬರುತ್ತದೆ. ಚಹಾ ಓಟ, ಉಣ್ಣೆಯ ಸಾಗಣೆ, ಸಿಡ್ನಿಯಿಂದ ಇಂಗ್ಲೆಂಡಿಗೆ 73 ದಿನಗಳ ಪಯಣ, ಎಲ್ಲ ಗೊತ್ತಿರುವುದೇ. ಚೆಲುವಾದ ಹಡಗು, ಒಪ್ಪಿದೆ. ಆದರೆ ಅದು ನೀರಿಗಿಳಿದದ್ದು 1869ರಲ್ಲಿ, ಚಹಾ ವ್ಯಾಪಾರವನ್ನು ಉಗಿಹಡಗುಗಳ ಕಡೆ ತಿರುಗಿಸಿದ ಸೂಯೆಜ್ ಕಾಲುವೆ ತೆರೆದ ಐದು ದಿನಗಳ ಮೇಲೆ. ಚಹಾ ಹೊತ್ತದ್ದು ಎಂಟೇ ಸಲ. ವಸಾಹತು ವ್ಯಾಪಾರ ನಿಜಕ್ಕೂ ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಕಟ್ಟಿ ಸಾರ್ಕ್ ನಿಂತಿರುವ ಗ್ರೀನಿಚ್ ಬಿಟ್ಟು ನ್ಯೂಜಿಲೆಂಡಿನ ಪಿಕ್ಟನ್‌ಗೆ ಹೋಗಬೇಕು. ಎಡ್ವಿನ್ ಫಾಕ್ಸ್ ಇರುವುದು ಅಲ್ಲಿ.

1853ರಲ್ಲಿ ಕಲ್ಕತ್ತೆಯ ಎದುರು ದಡದ ಸಾಲ್ಕಿಯಾದಲ್ಲಿ ತೇಗ ಮತ್ತು ಸಾಲ ಮರದಿಂದ ಕಟ್ಟಿದ ಹಡಗಿದು. ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು, 1858ರಲ್ಲಿ ಫ್ರೀಮ್ಯಾಂಟಲ್‌ಗೆ ಕೈದಿಗಳನ್ನು, 1873ರಿಂದ ನಾಲ್ಕು ಪಯಣಗಳಲ್ಲಿ ನ್ಯೂಜಿಲೆಂಡಿಗೆ ವಲಸಿಗರನ್ನು ಹೊತ್ತಿತು. ಉಗಿಹಡಗುಗಳು ಬಂದ ಮೇಲೆ ಕುರಿಮಾಂಸ ಹೆಪ್ಪುಗಟ್ಟಿಸುವ ತೇಲುವ ಉಗ್ರಾಣವಾಯಿತು, ಆಮೇಲೆ ಕಲ್ಲಿದ್ದಲ ಗೋದಾಮು. 1965ರಲ್ಲಿ ಒಂದು ಶಿಲಿಂಗ್‌ಗೆ ಕೈಬದಲಾಯಿತು.

ಈಗ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಗೆ ಬರುತ್ತೇನೆ. 1999ರಲ್ಲಿ ಡ್ರೈ ಡಾಕ್‌ಗೆ ತಂದವರು ಹೊಸ ಕೂವೆಮರ ನೆಡಲಿಲ್ಲ, ಹಾಯಿ ಕಟ್ಟಲಿಲ್ಲ. ಒಡಲನ್ನು ಇದ್ದಂತೆಯೇ ಉಳಿಸಿದರು. ಒಳಗೆ ನಿಂತವರಿಗೆ ಕಾಣುವುದು ಬರಿಯ ಪಕ್ಕೆಲುಬುಗಳು, ಅವುಗಳ ಮೇಲಿನ ಹಲಗೆಗಳು, ಮೇಲೆ ಖಾಲಿ. ಕೈದಿಗಳೂ ವಲಸಿಗರೂ ಮಲಗಿದ್ದ ನಡುವಣ ಅಟ್ಟ ಇಲ್ಲ, ಆಮೇಲೆ ಕಿತ್ತದ್ದು. ಆ ಇಲ್ಲದಿರುವಿಕೆಯೇ ಇಲ್ಲಿ ಓದಬೇಕಾದ ಅಧ್ಯಾಯ. ಅಟ್ಟವನ್ನು ಮತ್ತೆ ಕಟ್ಟಿ, ಗೊಂಬೆ ಕೈದಿಗಳನ್ನು ಮಲಗಿಸಿದ್ದರೆ ಒಂದೇ ಕಾಲ ಉಳಿಯುತ್ತಿತ್ತು. ಈಗ ಮನುಷ್ಯರನ್ನು ಹೊತ್ತ ಜಾಗದಲ್ಲೇ ಮಾಂಸವನ್ನೂ ಕಲ್ಲಿದ್ದಲನ್ನೂ ತುಂಬಿದ್ದು ಕಣ್ಣಿಗೆ ಹೊಡೆಯುತ್ತದೆ. ಹಡಗಿನ ಒಡೆಯರಿಗೆ ಮೂರೂ ಒಡಲು ತುಂಬುವ ಸರಕೇ ಆಗಿದ್ದವು. ಗ್ರೀನಿಚ್‌ನಲ್ಲಿ 2007ರ ಬೆಂಕಿಯ ನಂತರ ಕಟ್ಟಿ ಸಾರ್ಕನ್ನು ಮೂರು ಮೀಟರ್ ಎತ್ತಿ, ಕೆಳಭಾಗವನ್ನು ಗಾಜಿನ ಚಾವಣಿಯಿಂದ ಸುತ್ತುವರಿದರು. ಅದು ಅಂದ ಕೆಡಿಸಿತೆಂದು ವಾಸ್ತುಶಿಲ್ಪದ ವಿಮರ್ಶಕರು ರೇಗಿದರು. ಅವರ ಸಿಟ್ಟು ಸರಿ, ಅಳತೆಗೋಲು ತಪ್ಪು: ಹಡಗು ಏನು ಹೊತ್ತಿತೆಂಬ ಪ್ರಶ್ನೆ ಅವರನ್ನು ಕಾಡಲೇ ಇಲ್ಲ.

ಈ ಅಳತೆಗೋಲಿನ ಮೂಲ ಹಳೆಯದು. ಬೇಸಿಲ್ ಲಬಕ್ 1914ರಲ್ಲಿ ಚೀನಾ ಕ್ಲಿಪ್ಪರ್ ಎಂಬ ವೇಗದ ಹಾಯಿಹಡಗುಗಳ ಬಗ್ಗೆ, 1924ರಲ್ಲಿ ಕಟ್ಟಿ ಸಾರ್ಕ್ ಬಗ್ಗೆ ಬರೆದ ಪುಸ್ತಕಗಳಿಂದ ಹಡಗೆಂದರೆ ವೇಗ, ನಾಯಕ, ಪಂದ್ಯ ಎಂಬ ರುಚಿ ಬೇರೂರಿತು. ಅದರಲ್ಲಿ ನಿಧಾನದ, ದಪ್ಪ ಒಡಲಿನ ಹಡಗಿಗೆ ಜಾಗವೆಲ್ಲಿ? 2023ರಲ್ಲಿ ಬಾಯ್ಡ್ ಕಾಥ್ರನ್ ಮತ್ತು ಏಡ್ರಿಯನ್ ಶೂಬರ್ಟ್ ಎಡ್ವಿನ್ ಫಾಕ್ಸ್‌ಗೇ ಮೀಸಲಾದ ಪುಸ್ತಕ ಬರೆದು ದೊಡ್ಡ ಉಪಕಾರ ಮಾಡಿದರು. ಆದರೂ ಅದರ ಉಪಶೀರ್ಷಿಕೆಯಲ್ಲಿ ಹಡಗನ್ನು 'ಸಾಧಾರಣ' ಎಂದದ್ದನ್ನು ನಾನು ಒಪ್ಪಲಾರೆ. ಪಯಣಗಳು ಸಾಧಾರಣ ಇದ್ದಾವು. ಮರ ಮತ್ತು ಕೆಲಸ ಅಲ್ಲ. ಯುದ್ಧ, ಬಿರುಗಾಳಿ, ದಶಕಗಳ ಅನಾದರ, ಇಷ್ಟನ್ನೂ ತಾಳಿ ಈ ಒಡಲು ಉಳಿದಿದೆ. ಇದನ್ನು ಬ್ರಿಟಿಷ್ ಹಡಗು ಎನ್ನುವುದು ಒಡೆತನದ ಲೆಕ್ಕದಲ್ಲಿ ಮಾತ್ರ ಸರಿ. ಹಲಗೆ ಕೂಡಿಸಿದ್ದು ಹೂಗ್ಲಿಯ ದಡದಲ್ಲಿ.